ಹದಿಹರೆಯದ ಮಗು ಕೈ ಮೀರುತ್ತಿದ್ದರೆ ಹಾಸ್ಟೆಲ್ಲೋ, ರಿಹ್ಯಾಬೋ, ಆಸ್ಪತ್ರೆಯೋ, ಮನೆಯೋ? ತುಮಕೂರಿನ ಒಂದು ಕುಟುಂಬದ ಹೋಲಿಕೆ

ಮನೆಯ ಹುಡುಗನೋ ಹುಡುಗಿಯೋ ಕೈ ಮೀರಿ ಹೋಗುತ್ತಿದೆ ಅಂತ ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಸಲಹೆಗಳು ಶುರುವಾಗುತ್ತವೆ. "ಹಾಸ್ಟೆಲ್‌ಗೆ ಹಾಕಿ." "ಮಠಕ್ಕೆ ಸೇರಿಸಿ, ಸರಿ ಹೋಗ್ತಾನೆ." "ಬೆಂಗಳೂರಿನ ಹತ್ತಿರ ಒಂದು ಸೆಂಟರ್ ಇದೆಯಂತೆ, ಆರು ತಿಂಗಳು ಇಟ್ಟುಕೊಂಡು ತಿದ್ದಿ ಕಳಿಸ್ತಾರಂತೆ." ನನ್ನ ಅಕ್ಕನ ಮಗನ ವಿಷಯದಲ್ಲಿ ಇವೆಲ್ಲವೂ ಬಂದವು. ಅಕ್ಕ, ಭಾವ ಮತ್ತು ನಾನು ಕೆಲವು ಜಾಗಗಳಿಗೆ ಹೋಗಿ ನೋಡಿದೆವು. ಕೆಲವನ್ನು ಫೋನಿನಲ್ಲಿ ವಿಚಾರಿಸಿದೆವು. ಕೊನೆಗೆ ಅವನ ಜೊತೆ ಆಸ್ಪತ್ರೆಯ ವಾರ್ಡಿನಲ್ಲಿ ಉಳಿದೆವು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಮಗುವನ್ನು ಮನೆಯವರ ಕಣ್ಣಿಂದ ಪೂರ್ತಿ ಮರೆ ಮಾಡುವ ಜಾಗ ಎಷ್ಟೇ ಚೆಂದ ಕಂಡರೂ ಬೇಡ. ನಿಮ್ಮನ್ನೂ ಒಳಗೆ ಸೇರಿಸಿಕೊಳ್ಳುವ ಜಾಗವನ್ನೇ ಹುಡುಕಿ. ಅಲ್ಲಿನ ಮಂಚ ಹಳೆಯದಾಗಿರಬಹುದು, ಕ್ಯೂ ಉದ್ದ ಇರಬಹುದು. ಆದರೂ ಅದೇ ಮೇಲು.

ಜಾಗಕ್ಕಿಂತ ಮೊದಲು ವೈದ್ಯರು

ನಮ್ಮ ಹುಡುಗ ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ತಪ್ಪಿಸಲು ಶುರು ಮಾಡಿದ. ಆಮೇಲೆ ರಾತ್ರಿಯಿಡೀ ಮೊಬೈಲ್ ಗೇಮ್. ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು. ಕೇಳಿದರೆ ಬಾಗಿಲು ಒದೆಯುತ್ತಿದ್ದ, ತಂಗಿಯ ಮೇಲೆ ಕೈ ಮಾಡುತ್ತಿದ್ದ. ಒಂದು ದಿನ ಬ್ಲೇಡಿನಿಂದ ಕೈ ಕೊಯ್ದುಕೊಂಡ. ನೆಂಟರಿಷ್ಟರ ಲೆಕ್ಕದಲ್ಲಿ ಇದು ಗಾಂಜಾ ಚಟ, ಕೆಟ್ಟ ಸಹವಾಸ, ಅಷ್ಟೇ.

ವೈದ್ಯರು ಕೂತು ಕೇಳಿದಾಗ ಬೇರೆಯೇ ಕಥೆ ಹೊರಬಂತು. ಅವನಿಗೆ ಚಿಕ್ಕಂದಿನಿಂದಲೂ ಕಲಿಕೆಯ ತೊಂದರೆ ಇತ್ತು. ಪಾಠ ಕೇಳಿಸಿಕೊಂಡರೆ ಅರ್ಥವಾಗುತ್ತಿತ್ತು. ಓದಿ ಬರೆಯಲು ಹೋದರೆ ಅಕ್ಷರಗಳು ಕೈ ಕೊಡುತ್ತಿದ್ದವು. ವರ್ಷಗಟ್ಟಲೆ ದಡ್ಡ ಅನ್ನಿಸಿಕೊಂಡು ಖಿನ್ನತೆಗೆ ಇಳಿದಿದ್ದ. ಗಾಂಜಾ ಬಂದಿದ್ದು ಅದೆಲ್ಲ ಆದ ಮೇಲೆ. ನೇರವಾಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದ್ದರೆ ಗಾಂಜಾವನ್ನಷ್ಟೇ ಬಿಡಿಸುತ್ತಿದ್ದರು. ಬೇರು ಹಾಗೇ ಉಳಿಯುತ್ತಿತ್ತು.

ಒಂದೇ ಥರ ಕಾಣುವ ಸಿಟ್ಟಿನ ಹಿಂದೆ ಹತ್ತು ಕಾರಣ ಇರಬಹುದು. ಎಡಿಎಚ್‌ಡಿ (ಗಮನ ಒಂದು ಕಡೆ ನಿಲ್ಲದ, ಅತಿ ಚಡಪಡಿಕೆಯ ತೊಂದರೆ), ಖಿನ್ನತೆ, ಮನೆಯ ಜಗಳ, ಶಾಲೆಯ ಹಿಂಸೆ. ಯಾರೋ ಮೈ ಮುಟ್ಟಿ ಹಾಳು ಮಾಡಿದ್ದನ್ನು ಹೇಳಿಕೊಳ್ಳಲಾಗದೆ ಒದ್ದಾಡುವ ಮಕ್ಕಳೂ ಇದ್ದಾರೆ. ಹಾಗಾಗಿ ಯಾವ ಸೆಂಟರಿಗೂ ಮುಂಗಡ ಕಟ್ಟುವ ಮೊದಲು ಒಬ್ಬ ಮನೋವೈದ್ಯರಿಗೆ ತೋರಿಸಿ.

ಇದಕ್ಕೆ ಬೆಂಗಳೂರಿಗೇ ಓಡಬೇಕಿಲ್ಲ. ತುಮಕೂರು ಜಿಲ್ಲಾಸ್ಪತ್ರೆ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ, ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆ, ಮೂರೂ ಕಡೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಕೋಲಾರದ ಟಮಕದಲ್ಲಿರುವ ದೇವರಾಜ ಅರಸು ವೈದ್ಯಕೀಯ ಕಾಲೇಜು, ತುಮಕೂರಿನ ಅಗಳಕೋಟೆಯ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಇವುಗಳಲ್ಲೂ ಮನೋವೈದ್ಯ ವಿಭಾಗ ಇದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಥರದ ದೂರದ ತಾಲ್ಲೂಕಿನವರಿಗೆ ಇನ್ನೊಂದು ದಾರಿ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ. ನಿಮ್ಮ ಊರಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಂಡು ಹೋಗಿ. ಏನೂ ತೋಚದಿದ್ದರೆ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ, ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರದ ಉಚಿತ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ. ಅಕ್ಕ ಮೊದಲ ಸಲ ಮನಸ್ಸು ಬಿಚ್ಚಿ ಅತ್ತಿದ್ದು ಆ ಫೋನಿನಲ್ಲೇ.

ಮಗು ಸಾಯುವ ಮಾತಾಡುತ್ತಿದ್ದರೆ, ಕೈ ಕೊಯ್ದುಕೊಂಡಿದ್ದರೆ, ಏನಾದರೂ ಕುಡಿದಿದ್ದರೆ, ಹೋಲಿಕೆಯೆಲ್ಲ ಆಮೇಲೆ. ಆ ಕ್ಷಣವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಹಾಸ್ಟೆಲ್, ಮಠ, ವಸತಿ ಶಾಲೆ

ನಮ್ಮ ಕಡೆ ಮಠದ ಹಾಸ್ಟೆಲ್ ಅಂದರೆ ಗೌರವ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಂಡು, ಉಳಿದು, ಓದಿ ದೊಡ್ಡವರಾಗಿದ್ದಾರೆ. ನಮ್ಮ ಭಾವನ ಅಣ್ಣನೂ ಅಲ್ಲೇ ಓದಿದವರು. ಆದರೆ ಅಂಥ ಜಾಗಗಳು ಇರುವುದು ಕಲಿಯಲು ಬಂದ ಮಕ್ಕಳಿಗೆ. ಖಿನ್ನತೆಗೆ ಚಿಕಿತ್ಸೆ ಕೊಡುವುದು ಅವುಗಳ ಕೆಲಸವಲ್ಲ, ಹಾಗಂತ ಅವು ಹೇಳಿಕೊಂಡೂ ಇಲ್ಲ. ಕೈ ಕೊಯ್ದುಕೊಳ್ಳುವ ಹುಡುಗನನ್ನು ನೂರಾರು ಮಕ್ಕಳ ನಡುವೆ ಬಿಟ್ಟು ಬಂದರೆ, ವಾರ್ಡನ್‌ಗೆ ಅವನ ಮೇಲೊಂದು ಕಣ್ಣಿಡಲು ಸಾಧ್ಯವೇ? ಅವರ ತಪ್ಪಲ್ಲ ಅದು.

ಮನೆಯಲ್ಲಿ ಓದುವ ವಾತಾವರಣ ಇಲ್ಲ, ಅಪ್ಪ ಕುಡಿಯುತ್ತಾನೆ, ಊರಿನ ಗೆಳೆಯರ ಕಾಟ ಇದೆ, ಮಗು ತಾನೇ ಬೇರೆ ಕಡೆ ಓದಬೇಕು ಅನ್ನುತ್ತಿದೆ. ಹೀಗಿದ್ದರೆ ವಸತಿ ಶಾಲೆ ನಿಜಕ್ಕೂ ಒಳ್ಳೆಯದು. ಶಿಕ್ಷೆಯಾಗಿ ಮಾತ್ರ ಸೇರಿಸಬೇಡಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸಲಹೆ ಬರುತ್ತದೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. "ಮದುವೆ ಮಾಡಿಬಿಡಿ." ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಕಾಯ್ದೆಯ ಪ್ರಕಾರ ಅಪರಾಧ. ನೊಂದಿರುವ ಮಗುವನ್ನು ಗೊತ್ತಿಲ್ಲದ ಮನೆಗೆ ಕಳಿಸಿದರೆ ನೋವು ಕಮ್ಮಿ ಆಗುವುದಿಲ್ಲ. ಅಂಥ ಮಾತು ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಖಾಸಗಿ ರಿಹ್ಯಾಬ್ ಸೆಂಟರ್

ಇದರ ಬಗ್ಗೆ ಜಾಸ್ತಿ ಬರೆಯಲೇಬೇಕು. ಸೋತು ಸುಣ್ಣವಾದ ಅಪ್ಪ ಅಮ್ಮ ಮೊದಲು ಬೀಳುವುದು ಇಲ್ಲಿಗೇ.

ನಾವು ಫೋನ್ ಮಾಡಿದ ಒಂದು ಕೇಂದ್ರದವರು ಹುಡುಗನ ಹೆಸರು, ವಯಸ್ಸು ಬಿಟ್ಟರೆ ಬೇರೇನೂ ಕೇಳಲಿಲ್ಲ. "ಅಡ್ರೆಸ್ ಕಳಿಸಿ, ರಾತ್ರಿ ನಮ್ಮ ಗಾಡಿ ಬರುತ್ತೆ. ನಾಲ್ಕು ಜನ ಹುಡುಗರು ಬಂದು ಎತ್ತಿಕೊಂಡು ಹೋಗ್ತಾರೆ. ಮೂರು ತಿಂಗಳು ನೀವು ಬರೋ ಹಾಗಿಲ್ಲ, ಫೋನೂ ಇಲ್ಲ" ಅಂದರು. ಅವರ ಜಾಗವನ್ನು ನೋಡಲು ಹೋದೆವು. ಗೇಟಿಗೆ ಬೀಗ. ಒಳಗೆ ತಲೆ ಬೋಳಿಸಿದ ಹುಡುಗರು ನಡುವಯಸ್ಸಿನ ಗಂಡಸರ ಜೊತೆ ಒಂದೇ ಹಾಲ್‌ನಲ್ಲಿ ಕೂತಿದ್ದರು. ಡಾಕ್ಟರ್ ಎಲ್ಲಿ ಅಂದರೆ "ವಾರಕ್ಕೊಮ್ಮೆ ಬರ್ತಾರೆ" ಅನ್ನುವ ಉತ್ತರ. ಭಾವ ಒಂದು ಮಾತೂ ಆಡದೆ ಹೊರಗೆ ಬಂದರು.

ಎಲ್ಲ ಕೇಂದ್ರಗಳೂ ಹೀಗಿಲ್ಲ. ಮನೋವೈದ್ಯರು, ನರ್ಸ್, ಆಪ್ತಸಮಾಲೋಚಕರು ಇದ್ದು ಶ್ರದ್ಧೆಯಿಂದ ನಡೆಸುವವರೂ ಇದ್ದಾರೆ. ವ್ಯತ್ಯಾಸ ಕಂಡುಹಿಡಿಯಲು ನಮಗೆ ಕೈಗೆ ಸಿಕ್ಕ ಅಳತೆಗೋಲು ಅಂದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. 2017ರಲ್ಲಿ ಆದ ಈ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳೂ ಇದರ ಒಳಗೇ ಬರುತ್ತವೆ. ಹಾಗಾಗಿ "ನಮ್ಮದು ಆಸ್ಪತ್ರೆ ಅಲ್ಲ, ವ್ಯಸನಮುಕ್ತಿ ಕೇಂದ್ರ, ನಮಗೆ ಅದು ಬೇಕಿಲ್ಲ" ಅಂದರೆ ನಂಬಬೇಡಿ. ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಅಂತ ಕೇಳಿ.

ಹದಿನೆಂಟರ ಒಳಗಿನ ಮಕ್ಕಳಿಗೆ ಈ ಕಾಯ್ದೆಯ 87ನೇ ಸೆಕ್ಷನ್ ಇದೆ. ಪ್ರತಿ ಅಪ್ಪ ಅಮ್ಮನಿಗೂ ಗೊತ್ತಿರಬೇಕಾದ ಸೆಕ್ಷನ್ ಅದು. ಮಗುವನ್ನು ಸೇರಿಸಿಕೊಳ್ಳುವ ಮೊದಲು ಇಬ್ಬರು ಪರಿಣತರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಅವರಲ್ಲಿ ಒಬ್ಬರಾದರೂ ಮನೋವೈದ್ಯರಾಗಿರಬೇಕು. ಆ ಪರೀಕ್ಷೆ ಸೇರಿಸುವ ದಿನ ಅಥವಾ ಅದರ ಹಿಂದಿನ ಏಳು ದಿನಗಳ ಒಳಗೆ ಆಗಿರಬೇಕು. ಮನೆಯಲ್ಲಿಟ್ಟುಕೊಂಡು ಚಿಕಿತ್ಸೆ ಸಾಧ್ಯವಿಲ್ಲ ಅನ್ನಿಸಿದರೆ ಮಾತ್ರ ದಾಖಲಾತಿ. ಮಕ್ಕಳನ್ನು ದೊಡ್ಡವರ ಜೊತೆ ಇಡುವ ಹಾಗಿಲ್ಲ. ಅಪ್ಪ, ಅಮ್ಮ ಅಥವಾ ಅವರು ಗೊತ್ತು ಮಾಡಿದವರು ಮಗು ಇರುವಷ್ಟು ದಿನವೂ ಜೊತೆಯಲ್ಲೇ ಇರಬೇಕು. ಹುಡುಗಿಯಾದರೆ ಹೆಂಗಸೊಬ್ಬರು ಇರಲೇಬೇಕು. ಸೇರಿಸಿದ 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ ತಿಳಿಸಬೇಕು. 30 ದಿನ ದಾಟಿದರೆ ಮಂಡಳಿ ಆ ದಾಖಲಾತಿಯನ್ನು ಪರಿಶೀಲಿಸಲೇಬೇಕು.

"ಮೂರು ತಿಂಗಳು ಬರಬೇಡಿ" ಅನ್ನುವ ಮಾತನ್ನು ಇದರ ಪಕ್ಕ ಇಟ್ಟು ನೋಡಿ. ರಾತ್ರಿ ಗಾಡಿ ಕಳಿಸುವ ಮಾತನ್ನೂ ಇಟ್ಟು ನೋಡಿ. ಅದೇ ಕಾಯ್ದೆ ಸರಪಳಿ ಹಾಕುವುದನ್ನು, ಬಲವಂತವಾಗಿ ತಲೆ ಬೋಳಿಸುವುದನ್ನು, ಒಂಟಿ ಕೋಣೆಯಲ್ಲಿ ಕೂಡಿ ಹಾಕುವುದನ್ನು, ಒತ್ತಾಯದ ಕೆಲಸ ಮಾಡಿಸುವುದನ್ನು ಬೇಡ ಅಂದಿದೆ.

ಇನ್ನೊಂದು ಅಪಾಯ ಮೈಗೆ ಸಂಬಂಧಿಸಿದ್ದು. ಜಾಸ್ತಿ ಕುಡಿಯುವವರು ಅಥವಾ ನಿದ್ದೆ ಮಾತ್ರೆಗೆ ಒಗ್ಗಿಹೋದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ರಾತ್ರಿ ಡಾಕ್ಟರ್ ಸಿಗದ ಜಾಗದಲ್ಲಿ "ಬಿಡಿಸ್ತೀವಿ" ಅನ್ನುವುದು ಭಯ ಹುಟ್ಟಿಸುವ ಮಾತು.

ದುಡ್ಡಿನ ಬಗ್ಗೆ ಹೇಳುವುದಾದರೆ, ನಮಗೆ ಹೇಳಿದ ರೇಟಿಗೂ ಅಲ್ಲಿದ್ದ ಸೌಕರ್ಯಕ್ಕೂ ಸಂಬಂಧವೇ ಇರಲಿಲ್ಲ. ಕೇಳುವಾಗ ಡಾಕ್ಟರ್ ಫೀಸ್, ಔಷಧಿ, ರಕ್ತ ಪರೀಕ್ಷೆ ಎಲ್ಲ ಸೇರಿದೆಯಾ, ಮಧ್ಯದಲ್ಲಿ ಕರೆದುಕೊಂಡು ಬಂದರೆ ಉಳಿದ ದುಡ್ಡು ವಾಪಸ್ ಕೊಡ್ತೀರಾ ಅಂತ ಕೇಳಿ. ಬರವಣಿಗೆಯಲ್ಲೇ ತೆಗೆದುಕೊಳ್ಳಿ. "ನೂರಕ್ಕೆ ನೂರು ಗ್ಯಾರಂಟಿ" ಅಂದ ಕಡೆಯಿಂದ ಎದ್ದು ಬನ್ನಿ.

ಅಮೆರಿಕದ ಪಾಠ

ತೊಂದರೆಯಲ್ಲಿರುವ ಹದಿಹರೆಯದವರನ್ನು ದೂರದ ಕ್ಯಾಂಪುಗಳಿಗೆ, ಚಿಕಿತ್ಸೆಯ ಬೋರ್ಡಿಂಗ್ ಶಾಲೆಗಳಿಗೆ ಕಳಿಸುವುದು ಅಮೆರಿಕದಲ್ಲಿ ದೊಡ್ಡ ವ್ಯಾಪಾರ. ಅಲ್ಲೂ ರಾತ್ರಿ ಬಂದು ಮಕ್ಕಳನ್ನು ಕರೆದೊಯ್ಯುವ ಏಜೆನ್ಸಿಗಳಿವೆ. 2007ರಲ್ಲಿ ಅಲ್ಲಿನ ಸಂಸತ್ತಿಗಾಗಿ ಕೆಲಸ ಮಾಡುವ ತಪಾಸಣಾ ಸಂಸ್ಥೆ ಜಿಎಒ ಇಂಥ ಕೇಂದ್ರಗಳ ಬಗ್ಗೆ ವರದಿ ಕೊಟ್ಟಿತು. ಹಿಂಸೆಯ ಸಾವಿರಾರು ದೂರುಗಳು ಸಿಕ್ಕವು. ಸತ್ತುಹೋದ 10 ಮಕ್ಕಳ ಪ್ರಕರಣಗಳನ್ನು ಅದು ಒಂದೊಂದಾಗಿ ಪರಿಶೀಲಿಸಿತು. ಚಿಕ್ಕವಯಸ್ಸಿನಲ್ಲಿ ತಾನೂ ಇಂಥ ಕೇಂದ್ರದಲ್ಲಿದ್ದ ಅಲ್ಲಿನ ಪ್ರಸಿದ್ಧ ಟಿವಿ ತಾರೆ ಪ್ಯಾರಿಸ್ ಹಿಲ್ಟನ್ ವರ್ಷಗಟ್ಟಲೆ ಇದರ ವಿರುದ್ಧ ಮಾತಾಡಿದರು. 2024ರ ಡಿಸೆಂಬರ್‌ನಲ್ಲಿ ಅಲ್ಲಿ ಸಂಸ್ಥೆಗಳಲ್ಲಿನ ಮಕ್ಕಳ ಹಿಂಸೆ ತಡೆಗೆ ಒಂದು ಕಾಯ್ದೆಯೇ ಬಂತು. ಅಷ್ಟು ಶ್ರೀಮಂತ ದೇಶದಲ್ಲೇ ಹೀಗಾದರೆ, ನೋಂದಣಿಯೂ ಇಲ್ಲದ ಬಾಡಿಗೆ ಕಟ್ಟಡದಲ್ಲಿ ಏನಾಗಬಹುದು ಅಂತ ಯೋಚಿಸಿ.

ಅಲ್ಲಿಂದಲೇ ಬಂದ ಇನ್ನೊಂದು ವಿಷಯ ನಮಗೆ ಹೆಚ್ಚು ಉಪಯೋಗಕ್ಕೆ ಬಂತು. ಮನಶ್ಶಾಸ್ತ್ರಜ್ಞ ಥಾಮಸ್ ಡಿಷನ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದ್ದು ಇದು: ತೊಂದರೆಯಲ್ಲಿರುವ ಹುಡುಗರನ್ನು ಒಂದೇ ಗುಂಪಾಗಿ ಕೂಡಿಸಿದರೆ, ಕೆಲವು ಸಲ ಅವರು ಒಬ್ಬರಿಂದೊಬ್ಬರು ಕೆಟ್ಟದ್ದನ್ನೇ ಕಲಿತು ಹೊರಬರುತ್ತಾರೆ. ಗಾಂಜಾ ಸೇದುವ ಹುಡುಗನನ್ನು ಅದಕ್ಕಿಂತ ಮುಂದೆ ಹೋದವರ ಜೊತೆ ತಿಂಗಳುಗಟ್ಟಲೆ ಇಡುವ ಮೊದಲು ಇದನ್ನು ನೆನಪಿಡಿ.

ಆಸ್ಪತ್ರೆಯ ವಾರ್ಡ್, ಮನೆಯವರ ಜೊತೆ

ನಾವು ಆರಿಸಿಕೊಂಡಿದ್ದು ಇದನ್ನು. ತುಮಕೂರಿನಲ್ಲಿ ನೋಡಿದ ವೈದ್ಯರು ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟರು. ಬೆಂಗಳೂರು ತುಮಕೂರಿನಿಂದ 70 ಕಿಲೋಮೀಟರ್. ಕೋಲಾರದಿಂದಲೂ ಹೆಚ್ಚುಕಮ್ಮಿ ಅಷ್ಟೇ, ಚಿಕ್ಕಬಳ್ಳಾಪುರದಿಂದ ಇನ್ನೂ ಸ್ವಲ್ಪ ಹತ್ತಿರ. ಈ ಮೂರು ಜಿಲ್ಲೆಯವರಿಗೆ ಇದು ದೊಡ್ಡ ಅನುಕೂಲ. ಬೆಳಗಿನ ಮೊದಲ ಬಸ್ಸೋ ರೈಲೋ ಹಿಡಿದರೆ ಹೊರರೋಗಿ ವಿಭಾಗಕ್ಕೆ ಹೊತ್ತಿಗೆ ಸರಿಯಾಗಿ ತಲುಪಬಹುದು. ಅಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಬೇರೆ ವಿಭಾಗ ಇದೆ. ವ್ಯಸನಕ್ಕೆ ಬೇರೆ ಕೇಂದ್ರ ಇದೆ. ಮೊಬೈಲ್, ಗೇಮ್ ಚಟಕ್ಕೆ ಅಂತಲೇ 2014ರಲ್ಲಿ ಶುರುವಾದ ಶಟ್ ಕ್ಲಿನಿಕ್ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ತಪ್ಪದೆ ತೆಗೆದುಕೊಂಡು ಹೋಗಿ, ರಿಯಾಯಿತಿ ಸಿಗುತ್ತದೆ.

ವಾರ್ಡಿನಲ್ಲಿ ಅಕ್ಕ ಹುಡುಗನ ಜೊತೆ ಉಳಿದಳು. ಅಕ್ಕನಿಗೆ ಆಗದ ದಿನ ಭಾವ, ಇಲ್ಲವೇ ನಾನು. ಚಿಕಿತ್ಸೆ ಅವನಿಗೆ ಅಂದುಕೊಂಡು ಹೋದ ನಮಗೆ ಅಲ್ಲಿ ಕಂಡಿದ್ದು, ಕೆಲಸದ ಅರ್ಧ ಭಾಗ ನಮ್ಮ ಜೊತೆಗೇ ನಡೆಯುತ್ತದೆ ಅನ್ನುವುದು. ಮನೋವೈದ್ಯರು ಔಷಧಿ ನೋಡಿಕೊಂಡರು. ಮನಶ್ಶಾಸ್ತ್ರಜ್ಞರು ಅವನ ಕಲಿಕೆಯನ್ನು ಪರೀಕ್ಷಿಸಿದರು. ಸಮಾಜ ಕಾರ್ಯಕರ್ತೆಯೊಬ್ಬರು ಅಪ್ಪ, ಅಮ್ಮ, ಮಗ ಮೂವರನ್ನೂ ಕೂರಿಸಿ ಮಾತಾಡಿಸಿದರು. ಮನೆಯಲ್ಲಿ ಜಗಳ ಹೇಗೆ ಶುರುವಾಗುತ್ತೆ, ಯಾರು ಮೊದಲು ಕೂಗ್ತಾರೆ, ಆಮೇಲೆ ಏನಾಗುತ್ತೆ ಅಂತ ಎಳೆ ಎಳೆಯಾಗಿ ಬಿಡಿಸಿದರು. ಭಾವ ಕೈ ಎತ್ತುವುದಿಲ್ಲ, ಮಗ ತಂಗಿಯನ್ನು ಮುಟ್ಟುವುದಿಲ್ಲ, ರಾತ್ರಿ ಮೊಬೈಲ್ ಹಾಲ್‌ನಲ್ಲಿ, ಅಪ್ಪ ಅಮ್ಮನದೂ ಸೇರಿ. ಇದನ್ನೆಲ್ಲ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಮಾಡಿದರು. ಮಗ ಅಲ್ಲಿ, ನಾವು ತುಮಕೂರಿನಲ್ಲಿ ಇದ್ದಿದ್ದರೆ ಇದು ಆಗುತ್ತಿತ್ತಾ?

ವಾರ್ಡಿನಲ್ಲಿ ಬೇರೆ ಮನೆಯವರು ಸಿಗುತ್ತಾರೆ. ಚಿಂತಾಮಣಿಯ ಕಡೆಯ ತಾಯಿಯೊಬ್ಬರು ಮಗಳ ಜೊತೆ ಬಂದಿದ್ದರು. ಊರಿನಲ್ಲಿ ಯಾರ ಹತ್ತಿರವೂ ಹೇಳಲಾಗದ ವಿಷಯಗಳನ್ನು ಅಕ್ಕ ಅವರ ಹತ್ತಿರ ಹೇಳಿಕೊಂಡಳು.

ಕಷ್ಟಗಳೂ ಇವೆ. ಮಂಚ ತಕ್ಷಣ ಸಿಗುವುದಿಲ್ಲ, ಕಾಯಬೇಕು. ದಿನಗೂಲಿಯವರಿಗೆ ಒಬ್ಬರು ಕೆಲಸ ಬಿಟ್ಟು ಉಳಿಯುವುದೇ ಆಸ್ಪತ್ರೆಯ ಬಿಲ್ಲಿಗಿಂತ ದೊಡ್ಡ ಖರ್ಚು. ಇನ್ನೊಂದು ಮಗು ಅಜ್ಜಿ ಮನೆಯಲ್ಲಿ ಉಳಿಯಬೇಕಾಗುತ್ತದೆ. ಅದು "ನನ್ನನ್ನು ಯಾರೂ ಕೇಳಲ್ಲ" ಅಂತ ಮುನಿಸಿಕೊಳ್ಳುತ್ತದೆ, ಅದರಲ್ಲಿ ನ್ಯಾಯವೂ ಇದೆ. ವಾರ್ಡಿನಲ್ಲಿ ಇರುವುದು ಕೆಲವೇ ವಾರ. ಹುಡುಗ ಪೂರ್ತಿ ಬದಲಾಗಿ ಹೊರಬರುತ್ತಾನೆ ಅಂತ ನಿರೀಕ್ಷಿಸಿದರೆ ನಿರಾಸೆ ಆಗುತ್ತದೆ. ನಮ್ಮವನು ವಾಪಸ್ ಬಂದ ಮೇಲೆ ಹಳೆ ಗೆಳೆಯರ ಹತ್ತಿರ ಮತ್ತೆ ಹೋದ, ಮತ್ತೆ ಸೇದಿದ. ಈ ಸಲ ಒಂದೇ ವ್ಯತ್ಯಾಸ. ಅವನೇ ಬಂದು ಅಕ್ಕನಿಗೆ ಹೇಳಿದ. ಆ ವ್ಯತ್ಯಾಸಕ್ಕೆ ಬೆಲೆ ಕಟ್ಟಲಾಗದು.

ನಿಮ್ಹಾನ್ಸ್ ಬೇಡ ಅನ್ನಿಸಿದರೆ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದಲ್ಲಿ ಕೇಳಿ. ಮನೆಗೆ ಹತ್ತಿರ, ಅಪ್ಪ ಸಂಜೆ ಕೆಲಸ ಮುಗಿಸಿ ಬರಬಹುದು. ಆದರೆ ಹದಿಹರೆಯದವರಿಗೆ ಬೇರೆ ವಾರ್ಡ್ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಮನೆಯಲ್ಲೇ ಇಟ್ಟುಕೊಂಡು ಚಿಕಿತ್ಸೆ

ತುಂಬಾ ಮಕ್ಕಳಿಗೆ ಇಷ್ಟೇ ಸಾಕು. ಜೀವಕ್ಕೆ ಅಪಾಯವಿಲ್ಲ, ಮಗು ಮಾತಿಗೆ ಸಿಗುತ್ತಿದೆ, ಔಷಧಿ ತೆಗೆದುಕೊಳ್ಳುತ್ತಿದೆ ಅಂದರೆ ಎಲ್ಲಿಗೂ ಸೇರಿಸಬೇಕಿಲ್ಲ. ಜಿಲ್ಲಾಸ್ಪತ್ರೆಗೆ ಹೋಗಿ ಬಂದು ಮಾಡಬಹುದು. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಆಪ್ತಸಮಾಲೋಚಕರ ಹತ್ತಿರ ಮಗು ಒಬ್ಬಂಟಿಯಾಗಿ ಮಾತಾಡಲಿ. ಬಾಗಿಲ ಸಂದಿಯಲ್ಲಿ ನಿಂತು ಕೇಳಬೇಡಿ.

ಒಂದು ಕೆಲಸ ಮಾತ್ರ ಇವತ್ತೇ ಮಾಡಿ. ಟೊಮೆಟೊ, ದ್ರಾಕ್ಷಿ, ಹೂವು ಬೆಳೆಯುವ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಅಡುಗೆಮನೆಯ ಅಟ್ಟದ ಮೇಲೋ ಕೊಟ್ಟಿಗೆಯಲ್ಲೋ ಕೈಗೆ ಸಿಗುವ ಹಾಗೆ ಇರುತ್ತದೆ. ಅದನ್ನು ಮನೆಯಿಂದ ಹೊರಗೆ, ಬೀಗ ಹಾಕಿದ ಜಾಗಕ್ಕೆ ಸಾಗಿಸಿ. ಅಜ್ಜ ಅಜ್ಜಿಯ ಬಿಪಿ, ಶುಗರ್ ಮಾತ್ರೆಗಳಿಗೂ ಬೀಗ ಹಾಕಿ. ಸಾಯಬೇಕು ಅನ್ನಿಸುವ ಗಳಿಗೆ ಎಷ್ಟೋ ಸಲ ಬಂದು ಹೋಗುವಂಥದ್ದು. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗಬಾರದು.

ಹುಡುಗನನ್ನು ಸೋದರಮಾವನ ಊರಿಗೆ ಕಳಿಸುವುದು ನಮ್ಮಲ್ಲಿ ಮೊದಲಿಂದಲೂ ಇರುವ ದಾರಿ. ಅಲ್ಲಿ ಪ್ರೀತಿ ಇದ್ದರೆ, ಗದ್ದೆ ತೋಟದ ಕೆಲಸ ಇದ್ದರೆ, ಕೆಲವು ವಾರಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಔಷಧಿ ತಪ್ಪಬಾರದು, ಅಷ್ಟೇ.

ವಾಪಸ್ ಬಂದ ಮೇಲೆ

ಯಾವ ಜಾಗವನ್ನು ಆರಿಸಿಕೊಂಡರೂ, "ಇಲ್ಲಿಂದ ಹೋದ ಮೇಲೆ ಏನು?" ಅಂತ ಮೊದಲ ದಿನವೇ ಕೇಳಿ. ಉತ್ತರ ಇಲ್ಲದವರ ಹತ್ತಿರ ಸೇರಿಸಬೇಡಿ.

ನಮಗೆ ದೊಡ್ಡ ಪ್ರಶ್ನೆಯಾಗಿದ್ದು ಓದು. ಕಲಿಕೆಯ ತೊಂದರೆ ಇದೆ ಅಂತ ಸರ್ಟಿಫಿಕೇಟ್ ಸಿಕ್ಕರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ರಿಯಾಯಿತಿಗಳಿವೆ. ಶಾಲೆಯ ಮೂಲಕ ಮೊದಲೇ ಅರ್ಜಿ ಹಾಕಬೇಕು. ಹಳೆ ಶಾಲೆಗೆ ಹೋಗಲು ಅವನಿಗೆ ಮನಸ್ಸೇ ಇರಲಿಲ್ಲ. ಹಾಗಾಗಿ ಎನ್‌ಐಒಎಸ್, ಅಂದರೆ ಕೇಂದ್ರ ಸರ್ಕಾರದ ಮುಕ್ತ ಶಾಲೆಯಲ್ಲಿ ಹತ್ತನೇ ಕ್ಲಾಸಿಗೆ ಕಟ್ಟಿಸಿದೆವು. ಒಂದೊಂದೇ ವಿಷಯ ಬರೆದು ಮುಗಿಸಬಹುದು. ಜೊತೆಗೆ ಮಧ್ಯಾಹ್ನದ ಹೊತ್ತು ಭಾವನ ಗೆಳೆಯರ ಬೈಕ್ ಗ್ಯಾರೇಜಿಗೆ ಹೋಗಿ ಕೆಲಸ ಕಲಿಯುತ್ತಾನೆ. ಅಕ್ಷರ ಕಂಡರೆ ಸಿಡುಕುವ ಹುಡುಗ ಎಂಜಿನ್ ಬಿಚ್ಚಿ ಜೋಡಿಸುವಾಗ ಗಂಟೆಗಟ್ಟಲೆ ತಾಳ್ಮೆಯಿಂದ ಕೂರುತ್ತಾನೆ.

ಹದಿನೇಳು ದಾಟಿದ ಮಕ್ಕಳ ಮನೆಯವರು ಇನ್ನೊಂದು ವಿಷಯ ಗಮನಿಸಿ. ಹದಿನೆಂಟು ತುಂಬಿದ ದಿನದಿಂದ ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಅವರೇ. ನಿಮ್ಮ ಸಹಿಯಿಂದ ಸೇರಿಸುವ ದಾರಿ ಮುಚ್ಚುತ್ತದೆ. ತೀರಾ ಗಂಭೀರ ಸ್ಥಿತಿಗೆ ಮಾತ್ರ ಬೇರೆ ನಿಯಮ ಇದೆ. ಅಷ್ಟರೊಳಗೆ ವೈದ್ಯರ ಜೊತೆ ಮಗುವಿಗೆ ತನ್ನದೇ ಆದ ನಂಬಿಕೆ ಬೆಳೆದಿದ್ದರೆ ಆ ದಿನ ಕಷ್ಟವಾಗುವುದಿಲ್ಲ.

ಡಿಸ್ಚಾರ್ಜ್ ಚೀಟಿಯ ಎರಡು ಮೂರು ಜೆರಾಕ್ಸ್ ಮಾಡಿಸಿಡಿ, ಫೋನಿನಲ್ಲಿ ಫೋಟೋವನ್ನೂ ಇಟ್ಟುಕೊಳ್ಳಿ. ಒಂದು ಪ್ರತಿ ನಿಮ್ಮ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಕೊಡಿ. ಹಾಗೆ ಮಾಡಿದ್ದರಿಂದ ನಮಗೆ ತಿಂಗಳ ಔಷಧಿ ತುಮಕೂರಿನಲ್ಲೇ ಸಿಗುತ್ತಿದೆ. ಬೆಂಗಳೂರಿಗೆ ಹೋಗುವುದು ಅವರು ಕರೆದಾಗ ಮಾತ್ರ.